ಗುಡ್ಡಪ್ಪನ ಕೈ ನೆಲ ಮುಟ್ಟಿತು

ಹೋದ ಸಲ ಬರೆದಾಗ ನನ್ನ ಗೊಂಬೆ ಗುಡ್ಡಪ್ಪನಿಗೆ ತಲೆ ಇತ್ತು, ತಂತಿಯ ಎಲುಬು ಇತ್ತು, ಮೈ ತುಂಬ ಸ್ಪಂಜು ಇತ್ತು. ಕೂದಲು ಇರಲಿಲ್ಲ. ಈಗ ಕೂದಲೂ ಬಂದಿದೆ, ಮೊದಲ ಶಾಟ್ ಕೂಡ ಮುಗಿದಿದೆ.

ಹೊಸದಾಗಿ ಓದುತ್ತಿರುವವರಿಗೆ: ಇದು ನಾಲ್ಕು ನಿಮಿಷದ ಸ್ಟಾಪ್ ಮೋಷನ್ ಚಿತ್ರ, ಅಂದರೆ ಗೊಂಬೆಯನ್ನು ಚೂರು ಚೂರೇ ಸರಿಸಿ, ಒಂದೊಂದೇ ಫೋಟೋ (ಫ್ರೇಮ್) ತೆಗೆದು ಜೋಡಿಸುವುದು. ಎಲ್ಲರೂ ಗುಡ್ಡ ಅಂದುಕೊಂಡಿದ್ದು ಒಂದು ದಿನ ಎದ್ದು ನಿಲ್ಲುತ್ತದೆ. ಅದೇ ಗುಡ್ಡಪ್ಪ, ಒಂದು ದೈತ್ಯ ಗೊರಿಲ್ಲಾ, 17 ಮೀಟರ್ ಎತ್ತರ. ಮೇಜಿನ ಮೇಲಿರುವ ಗೊಂಬೆ 34 ಸೆಂಟಿಮೀಟರ್. ಅಂದರೆ ಐವತ್ತಕ್ಕೆ ಒಂದು. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಪೋಸ್‌ಗೆ ಎರಡೆರಡು ಫ್ರೇಮ್.

ಮೊದಲು ಕೂದಲಿನ ವಿಷಯ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯ ಗೊರಿಲ್ಲಾ ಕಾಂಗ್‌ನ ಮೈಕೂದಲು ಸುಮ್ನೆ ನಿಂತಾಗಲೂ ಸಣ್ಣಗೆ ಅಲುಗಾಡುತ್ತಿರುತ್ತದೆ, ಗಮನಿಸಿದ್ದೀರಾ? ಮಾರ್ಸೆಲ್ ಡೆಲ್ಗಾಡೊ ಮಾಡಿದ ಆ ಗೊಂಬೆಗೆ ಮೊಲದ ಚರ್ಮ ಹೊದಿಸಿದ್ದರು. ವಿಲ್ಲಿಸ್ ಓಬ್ರಿಯನ್ ಪ್ರತಿ ಫ್ರೇಮ್‌ಗೂ ಗೊಂಬೆಯನ್ನು ಹಿಡಿದು ಸರಿಸುವಾಗ ಬೆರಳು ತಾಗಿದ ಕಡೆಯೆಲ್ಲ ಕೂದಲು ಅಡ್ಡಾದಿಡ್ಡಿ ಆಗುತ್ತಿತ್ತು. ನನಗೆ ಅದು ತಪ್ಪು ಅಂತ ಯಾವತ್ತೂ ಅನಿಸಿಲ್ಲ. ಒಬ್ಬ ಮನುಷ್ಯನ ಬೆರಳು ಅಲ್ಲಿ ಇತ್ತು ಅನ್ನೋದು ಇಷ್ಟು ವರ್ಷಗಳ ಮೇಲೂ ಕಾಣುತ್ತದಲ್ವಾ! ಆದರೆ ನನ್ನ ಕಥೆಯಲ್ಲಿ ಗುಡ್ಡಪ್ಪ ತುಂಬ ಹೊತ್ತು ಗುಡ್ಡದ ಹಾಗೆ ಅಲುಗಾಡದೆ ಇರಬೇಕು. ಅದಕ್ಕೇ ಗಿಡ್ಡ ಕೂದಲಿನ ಫರ್ ಬಟ್ಟೆಯನ್ನು ಸಣ್ಣ ತುಂಡು ಮಾಡಿ, ಕೂದಲು ಬೆಳೆಯುವ ದಿಕ್ಕು ನೋಡಿಕೊಂಡು ಅಂಟಿಸಿದೆ. ಮೇಲೆ ನೀರು ಬೆರೆಸಿದ ಅಂಟನ್ನು ಬ್ರಷ್‌ನಿಂದ ಸವರಿದೆ. ಈಗ ಬೆರಳಿನಿಂದ ಮುಟ್ಟುವುದು ಅಂಗೈ ಮತ್ತು ಅಂಗಾಲು ಮಾತ್ರ. ಉಳಿದ ಕಡೆ ಬೆನ್ನಿನ ಹಿಂದೆ ಬಚ್ಚಿಟ್ಟ ತಂತಿಯ ಕುಣಿಕೆ ಹಿಡಿದು ಸರಿಸುತ್ತೇನೆ.

ಕೈಗಳನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿದೆ. ಮೊದಲು ಮುಷ್ಟಿ ಕಟ್ಟಿದ ಕೈ ಮಾಡಿದ್ದೆ, ಎದೆ ಬಡಿದುಕೊಳ್ಳೋಕೆ ಅಂತ. ಆದರೆ ಗೊರಿಲ್ಲಾ ಮುಷ್ಟಿಯಿಂದ ಬಡಿಯುವುದಿಲ್ಲ. ಅಂಗೈಯನ್ನು ಬಟ್ಟಲಿನ ಹಾಗೆ ಬಾಗಿಸಿ ಬಡಿಯುತ್ತದೆ, ಅದಕ್ಕೇ ಆ ಟೊಳ್ಳು ಸದ್ದು. ನಡೆಯುವಾಗ ಬೆರಳು ಮಡಚಿ ಗೆಣ್ಣಿನ ಮೇಲೆ ಭಾರ ಹಾಕುತ್ತದೆ. ಒಂದೇ ಕೈ ಎರಡನ್ನೂ ಮಾಡಬೇಕು. ಬೆರಳಿಗೊಂದು ತೆಳು ತಂತಿ ಹಾಕಿದ ಮೇಲೆ ಎರಡೂ ಆಯಿತು.

ಕಾಲನ್ನೂ ದಪ್ಪ ಮಾಡಿ ಗಿಡ್ಡ ಮಾಡಿದ್ದೇನೆ. ನಿಜವಾದ ಗಂಡು ಗೊರಿಲ್ಲಾ ಎದ್ದು ನಿಂತರೆ ಸುಮಾರು 1.7 ಮೀಟರ್, ತೂಕ ಸುಮಾರು 160 ಕಿಲೋ. ಎತ್ತರ ಹತ್ತು ಪಟ್ಟು ಮಾಡಿದರೆ ತೂಕ ಸಾವಿರ ಪಟ್ಟು ಆಗುತ್ತದೆ, 160 ಟನ್. ಎಲುಬಿನ ದಪ್ಪದ ವಿಸ್ತೀರ್ಣ ಮಾತ್ರ ನೂರೇ ಪಟ್ಟು. ಎಲುಬಿನ ಪ್ರತಿ ಚದರ ಸೆಂಟಿಮೀಟರ್ ಮೇಲೂ ಹತ್ತು ಪಟ್ಟು ಹೊರೆ! ಇಂಥ ಪ್ರಾಣಿ ನಿಜವಾಗಿ ಬದುಕಲಾರದು, ಸರಿ. ಆದರೆ ಆ ಹೊರೆ ಅದರ ಮೈಯಲ್ಲಿ ಕಾಣಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಇಡೀ ಚಿತ್ರದಲ್ಲಿ ಗುಡ್ಡಪ್ಪ ಎರಡು ಕಾಲಿನ ಮೇಲೆ ನಿಲ್ಲುವುದು ಒಂದೇ ಸಲ.

ಈಗ ಮುಗಿಸಿರುವ ಶಾಟ್ ಅದರ ನಂತರದ್ದು. ಎದೆ ಬಡಿದುಕೊಂಡು ಆದಮೇಲೆ ಬಲಗೈಯನ್ನು ನೆಲಕ್ಕೆ ಇಳಿಬಿಡುತ್ತಾನೆ. ಕಥೆಯಲ್ಲಿ ಕೊನೆಗೆ ಬರುವ ಶಾಟ್ ಇದು. ಇಲ್ಲಿ ಭಾರ ಕಾಣದಿದ್ದರೆ ಮಿಕ್ಕಿದ್ದು ತೆಗೆದು ಪ್ರಯೋಜನ ಇಲ್ಲ ಅಂತ ಇದನ್ನೇ ಮೊದಲು ಹಿಡಿದೆ.

ಮೊದಲ ಸಲ 11 ಫ್ರೇಮ್‌ನಲ್ಲಿ ಕೈ ಇಳಿಸಿದೆ. ಕೋತಿ ಮೇಜು ಬಡಿದ ಹಾಗಿತ್ತು. ಕಾರಣ ಲೆಕ್ಕ ಹಾಕಿದಾಗ ಗೊತ್ತಾಯಿತು. ಒಂದು ಮೀಟರ್ ಎತ್ತರದಿಂದ ಬೀಳುವ ವಸ್ತುವಿಗೆ 0.45 ಸೆಕೆಂಡ್ ಬೇಕು, ಅದು 11 ಫ್ರೇಮ್. ಗುಡ್ಡಪ್ಪನ ಕೈ ಇಳಿಯುವುದು ಹತ್ತು ಮೀಟರ್. ಅದಕ್ಕೆ 1.43 ಸೆಕೆಂಡ್, ಅಂದರೆ 34 ಫ್ರೇಮ್, 17 ಪೋಸ್.

ಎರಡನೇ ಸಲ 17 ಪೋಸ್ ಮಾಡಿದೆ, ಎಲ್ಲ ಒಂದೇ ಅಂತರ. ನೀರೊಳಗೆ ಕೈಯಾಡಿಸಿದ ಹಾಗೆ ಬಂತು. ನಿಧಾನ ಇತ್ತು, ಭಾರ ಇರಲಿಲ್ಲ.

ಬೀಳುವ ವಸ್ತು ಸಮಸಮನಾಗಿ ಇಳಿಯುವುದಿಲ್ಲವಲ್ಲ. ಗೆಲಿಲಿಯೋ ಕಂಡುಕೊಂಡ ಹಾಗೆ 1, 3, 5, 7 ಅಂತ ಬೆಸ ಸಂಖ್ಯೆಯಲ್ಲಿ ಅಂತರ ಬೆಳೆಯುತ್ತ ಹೋಗುತ್ತದೆ. ನನ್ನ ಮೇಜಿನ ಮೇಲೆ ಹತ್ತು ಮೀಟರ್ ಅಂದರೆ 20 ಸೆಂಟಿಮೀಟರ್. ಅದನ್ನು 17 ಪೋಸ್‌ಗೆ ಹಂಚಿದರೆ ಮೊದಲನೆಯದು 0.7 ಮಿಲಿಮೀಟರ್, ಎರಡನೆಯದು 2.1, ಮೂರನೆಯದು 3.5. ಕೊನೆಯದು 23 ಮಿಲಿಮೀಟರ್. ಒಂದು ಸ್ಟ್ಯಾಂಡಿಗೆ ಸೂಜಿ ಕಟ್ಟಿ, ಅದರ ತುದಿಯನ್ನು ಗೆಣ್ಣಿನ ಎದುರು ನಿಲ್ಲಿಸಿ, ಕೈ ಸರಿಸಿ, ಸ್ಟ್ಯಾಂಡ್ ತೆಗೆದು ಕ್ಲಿಕ್ ಮಾಡುತ್ತಿದ್ದೆ. ಮೊದಲ ಪೋಸ್‌ನಲ್ಲಿ ಕೈ ಸರಿಯಿತೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗಲ್ಲ. ಸೂಜಿಗೆ ಮಾತ್ರ ಗೊತ್ತು.

ಈ ಸಲ ಒಂಬತ್ತನೇ ಪೋಸ್‌ನಲ್ಲಿ ಮೊಣಕೈ ಒಳಗೆ ಅಲ್ಯುಮಿನಿಯಂ ತಂತಿ ಲಟ್ಟೆಂದು ಮುರಿಯಿತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಅದು ಮುರಿಯಲೇಬೇಕು. ತುಂಬ ಬೇಜಾರಾಯಿತು. ತೋಳಿನ ಕೂದಲು ಸೀಳಿ, ಭುಜಕ್ಕೂ ಮೊಣಕೈಗೂ ಸ್ಕ್ರೂ ಬಿಗಿಯುವ ಗುಂಡು ಕೀಲು ಹಾಕಿದೆ. ಭುಜದ್ದು ಜಾಸ್ತಿ ಬಿಗಿ, ಮೊಣಕೈಯದು ಸ್ವಲ್ಪ ಸಡಿಲ. ಮೊದಲೇ ಇದನ್ನು ಮಾಡಬೇಕಿತ್ತು.

ನಾಲ್ಕನೇ ಸಲ ಬಂತು. ಕೈ ನೆಲ ಮುಟ್ಟಿದ ಮೇಲೂ ಮೈ ನಿಲ್ಲಿಸಲಿಲ್ಲ. ಭುಜ ಇನ್ನೂ ನಾಲ್ಕು ಫ್ರೇಮ್ ಇಳಿಯಿತು, ಹೊಟ್ಟೆ ಅದಕ್ಕಿಂತ ತಡವಾಗಿ ಕುಸಿಯಿತು, ತಲೆ ಎಲ್ಲಕ್ಕಿಂತ ಕೊನೆಗೆ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಧೂಳು ಎಬ್ಬಿಸಿದೆ. ನೆಲಕ್ಕೆ ಮೊದಲು ಹಾಕಿದ್ದ ಮರಳು ತೆಗೆದೆ. ಒಂದು ಮಿಲಿಮೀಟರ್ ಮರಳಿನ ಕಣ ಈ ಅಳತೆಯಲ್ಲಿ ಐದು ಸೆಂಟಿಮೀಟರ್ ಕಲ್ಲಾಗಿ ಕಾಣುತ್ತದೆ. ಈಗ ಜರಡಿ ಹಿಡಿದ ಸೀಮೆಸುಣ್ಣದ ಪುಡಿ ಇದೆ. ಕ್ಯಾಮೆರಾ ನೆಲದಿಂದ 3.4 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಅಲ್ಲಿ ನಿಂತ ಮನುಷ್ಯನ ಕಣ್ಣಿನ ಮಟ್ಟದಲ್ಲಿ ಬೇಕಿತ್ತು. ಮೇಜಿನ ಅಂಚಿನಾಚೆ ಟ್ರೈಪಾಡ್ ತಗ್ಗಿಸಿ ನಿಲ್ಲಿಸಿದೆ.

ರಾತ್ರಿ ಪ್ಲೇ ಮಾಡಿ ನೋಡಿದೆ. ಕೈ ಮೊದಲು ತಡೆದು ನಿಂತ ಹಾಗಿದೆ, ಆಮೇಲೆ ಒಮ್ಮೆಲೇ ಬರುತ್ತದೆ. ನೆಲ ತಾಗಿದಾಗ ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ.

ಮುಂದೆ ಎದ್ದು ನಿಲ್ಲುವ ಶಾಟ್: 9 ಸೆಕೆಂಡ್, 108 ಪೋಸ್. ಪಾದದ ನಟ್ಟುಗಳಿಗೆ ಮೇಜಿನ ಕೆಳಗಿನಿಂದ ಬೋಲ್ಟ್ ಬಿಗಿದಾಗಿದೆ. ಸೊಂಟದ ಕೀಲು ಇನ್ನೂ ಸಡಿಲ ಇದೆ, ನಾಳೆ ಅದನ್ನು ಬಿಗಿ ಮಾಡಿ ಶುರು ಮಾಡುತ್ತೇನೆ.