ರಸ್ತೆ ದಾಟಬೇಕಿತ್ತು

"ಅತ್ತಿಗೆ, ಈ ವಯಸ್ಸಿನಲ್ಲಿ ನಿಮಗೆ ಸುಕ್ಕು ತೆಗೆಯುವ ಬೊಟಾಕ್ಸ್ ಸೂಜಿ ಯಾಕೆ ಬೇಕಿತ್ತು?" ಭಾನುವಾರ ಗೃಹಪ್ರವೇಶದ ಊಟಕ್ಕೆ ಕೂತಾಗ ಸೋದರತ್ತೆ ಎಲ್ಲರಿಗೂ ಕೇಳುವಂತೆ ಕೇಳಿದರು. ಅಮ್ಮ ಅನ್ನಕ್ಕೆ ಸಾರು ಕಲಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ರಸ್ತೆ ದಾಟಬೇಕಿತ್ತು."

ಒಂದಿಬ್ಬರು ನಕ್ಕರು. ನನಗೆ ತುತ್ತು ಇಳಿಯಲಿಲ್ಲ.

ಮೂರು ವರ್ಷಗಳಿಂದ ಅಮ್ಮನ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುತ್ತಿದ್ದವು. ದೃಷ್ಟಿಗೆ ಏನೂ ಆಗಿರಲಿಲ್ಲ, ಕಣ್ಣು ತೆರೆದಿಡಲು ಆಗುತ್ತಿರಲಿಲ್ಲ ಅಷ್ಟೇ. ಬಿಸಿಲಿಗೆ ಬಂದರೆ ಇನ್ನೂ ಹೆಚ್ಚು. ಎಡಗೈ ಬೆರಳುಗಳಿಂದ ಒಂದು ರೆಪ್ಪೆಯನ್ನು ಎತ್ತಿ ಹಿಡಿದು, ಬಲಗೈಯಲ್ಲಿ ಚೀಲ ಹಿಡಿದು ರಸ್ತೆಯಂಚಿನಲ್ಲಿ ನಿಂತಿರುತ್ತಿದ್ದರು. ನಿದ್ದೆ ಸಾಲದು, ಟಿ.ವಿ. ಹೆಚ್ಚಾಯಿತು, ಎಲ್ಲ ಮನಸ್ಸಿನ ಚಿಂತೆ ಎಂದವರಲ್ಲಿ ಸೋದರತ್ತೆಯೇ ಮೊದಲಿಗರು. ನಾನೂ ಹಾಗೇ ಅಂದಿದ್ದೆ. ಅಪ್ಪನಿಗೆ ಹೀಗಾಗಿದ್ದರೆ ವಾರದೊಳಗೆ ಮನೆಮಂದಿಯೆಲ್ಲ ಆಸ್ಪತ್ರೆಯಲ್ಲಿರುತ್ತಿದ್ದೆವು. ಕೊನೆಗೆ ನರರೋಗ ತಜ್ಞೆಯೊಬ್ಬರು ಸುಮ್ಮನೆ ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಇದು ಬ್ಲೆಫರೋಸ್ಪಾಸಮ್ ಎಂದರು.

ಬೊಟಾಕ್ಸ್‌ನಲ್ಲಿರುವುದು ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷ. ಕೆಟ್ಟ ಆಹಾರದ ಮೂಲಕ ಹೊಟ್ಟೆ ಸೇರಿದರೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ, ಕೂದಲೆಳೆಯಂಥ ಸೂಜಿಯಿಂದ, ಕಣ್ಣಿನ ಸುತ್ತ ಹನಿಹನಿಯಾಗಿ ಕೊಟ್ಟರು. ಬಿಗಿದುಕೋ ಎಂದು ನರ ಕೊಡುವ ಆಜ್ಞೆ ಸ್ನಾಯುವಿಗೆ ತಲುಪದಂತೆ ಅದು ತಡೆಯುತ್ತದೆ. ಪರಿಣಾಮ ಸುಮಾರು ಮೂರು ತಿಂಗಳು. ಆಮೇಲೆ ಮತ್ತೆ ಸೂಜಿ.

ಅಂದು ನಮ್ಮ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದವನು ತುದಿಗಾಲಿನಲ್ಲೇ ನಡೆಯುವ ಆರೇಳು ವರ್ಷದ ಹುಡುಗ. ಸೆರೆಬ್ರಲ್ ಪಾಲ್ಸಿ, ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಸ್ನಾಯುಗಳು ಬಿಗಿಯುವ ತೊಂದರೆ. ಮೀನಖಂಡಕ್ಕೆ ಇದೇ ಔಷಧ. ಅವನಾಚೆ, ಪಾರ್ಶ್ವವಾಯುವಿನ ನಂತರ ಬಿಗಿದ ಮುಷ್ಟಿ ಬಿಡಿಸಲಾಗದ ಹಿರಿಯರೊಬ್ಬರು. ಇವರಲ್ಲಿ ಯಾರನ್ನು ಕೇಳಬೇಕು, ಸೌಂದರ್ಯಕ್ಕೆ ಬಂದಿರಾ ಎಂದು? ಅಮೆರಿಕದಲ್ಲಿ 1989ರಲ್ಲಿ ಈ ಔಷಧಕ್ಕೆ ಮೊದಲ ಅನುಮತಿ ಸಿಕ್ಕಿದ್ದೇ ಮೆಳ್ಳೆಗಣ್ಣಿಗೆ ಮತ್ತು ಅಮ್ಮನಿಗಿರುವ ಈ ಕಾಯಿಲೆಗೆ. ಹುಬ್ಬಿನ ನಡುವಿನ ಸುಕ್ಕಿಗೆ ಅಲ್ಲಿ ಅನುಮತಿ ಬಂದದ್ದು 2002ರಲ್ಲಿ. ಆದರೂ ಹೆಸರು ಕೇಳಿದೊಡನೆ ಜನರ ಕಣ್ಣಿಗೆ ಬರುವುದು ನಟಿಯರ ಮುಖ. ಅರವತ್ತೆಂಟರ ಹೆಂಗಸು ತನ್ನ ದೇಹಕ್ಕೆ ನಾಲ್ಕು ಕಾಸು ಖರ್ಚು ಮಾಡಿದರೆ ಅದಕ್ಕೂ ಪಂಕ್ತಿಯಲ್ಲಿ ಲೆಕ್ಕ ಒಪ್ಪಿಸಬೇಕು. ಸೋದರತ್ತೆ ಕೆಟ್ಟವರಲ್ಲ, ನನ್ನನ್ನು ಎತ್ತಿ ಆಡಿಸಿದವರು. ಅದಕ್ಕೇ ಇನ್ನೂ ಹೆಚ್ಚು ಸಂಕಟ.

ರಸ್ತೆ ದಾಟಬೇಕಿತ್ತು. ಎಷ್ಟು ದಿನ ಅಮ್ಮ ಆ ಅಂಚಿನಲ್ಲಿ ಹಾಗೆ ನಿಂತಿದ್ದರೋ.

ನಿನ್ನೆ ಸಂಜೆ ಒಬ್ಬರೇ ಮಾರುಕಟ್ಟೆಗೆ ಹೋಗಿದ್ದರು. ಗೇಟಿನ ಬಳಿ ನಿಂತು ನೋಡುತ್ತಿದ್ದೆ. ಎರಡೂ ಕಡೆ ನೋಡಿ ದಾಟಿದರು. ಎರಡೂ ಕೈಯಲ್ಲಿ ಚೀಲವಿತ್ತು.