ಪಕ್ಕದ ಮಾಡ್ಯೂಲ್‌ಗೆ ವರ್ಷನ್ ನಂಬರ್ ಯಾಕೆ?

11 ಜೂನ್ 2024, ಮಂಗಳವಾರ

ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಬೆಳಿಗ್ಗೆನೇ ಕರೆದಳು. "ಸರ್, ಕಾಮನ್ ಮಾಡ್ಯೂಲಲ್ಲಿ ಬಗ್ ಸರಿ ಮಾಡಿದೀನಿ. ಬಿಲ್ಲಿಂಗ್ ರನ್ ಮಾಡಿದ್ರೆ ಮತ್ತೆ ಅದೇ ಎರರ್." ಅವಳ ಕೋಡ್ ಸರಿಯಾಗೇ ಇತ್ತು. ಬಿಲ್ಲಿಂಗ್‌ನ ಗ್ರೇಡಲ್ (ಕೋಡನ್ನು ಜೋಡಿಸಿ ಬಿಲ್ಡ್ ಮಾಡುವ ಟೂಲ್) ಫೈಲ್ ತೆಗೆದರೆ ಕಳ್ಳ ಅಲ್ಲೇ ಕೂತಿದ್ದ: ಕಾಮನ್ ಹೆಸರಿನ ಮುಂದೆ ‘1.0-ಸ್ನ್ಯಾಪ್‌ಶಾಟ್’ ಅನ್ನೋ ವರ್ಷನ್, ಬರುವುದು ಮೇವನ್ ಲೋಕಲ್‌ನಿಂದ, ಅಂದ್ರೆ ನಮ್ಮದೇ ಮಷೀನಿನ ಲೈಬ್ರರಿ ಫೋಲ್ಡರಿನಿಂದ.

ಎರಡೂ ಒಂದೇ ರೆಪೊ (ಕೋಡ್ ಇಡುವ ಜಾಗ), ಅಕ್ಕಪಕ್ಕದ ಫೋಲ್ಡರ್. ಆದರೂ ಕಾಮನ್‌ನಲ್ಲಿ ಏನೇ ಬದಲಾಯಿಸಿದರೂ ಮೊದಲು ಮೇವನ್ ಲೋಕಲ್‌ಗೆ ಪಬ್ಲಿಶ್ ಮಾಡಬೇಕು. ಆಗಷ್ಟೇ ಅದರ ‘.ಎಂ2’ ಫೋಲ್ಡರಿಗೆ ಹೊಸ ಜಾರ್ (ಕಂಪೈಲ್ ಆದ ಕೋಡಿನ ಕಟ್ಟು) ಹೋಗುತ್ತೆ. ಮರೆತರೆ ಹಳೆಯದೇ ಗತಿ, ಒಂದು ವಾರ್ನಿಂಗ್ ಕೂಡ ಇಲ್ಲ. ಕೋಡನ್ನು ತಾನಾಗೇ ಬಿಲ್ಡ್ ಮಾಡಿ ಪರೀಕ್ಷಿಸುವ ಸಿಐ ಸರ್ವರ್‌ನ ‘.ಎಂ2’ನಲ್ಲಿ ಏನಿದೆಯೋ ದೇವರೇ ಬಲ್ಲ.

ಸೆಟ್ಟಿಂಗ್ಸ್ ಫೈಲಲ್ಲಿ ಎರಡೂ ಮಾಡ್ಯೂಲ್ ಇನ್‌ಕ್ಲೂಡ್ ಆಗೇ ಇದ್ದವು. ಒಂದೇ ಸಾಲು ಬದಲಾಯಿಸಿದೆವು: ಇಂಪ್ಲಿಮೆಂಟೇಷನ್ ಪ್ರಾಜೆಕ್ಟ್(':ಕಾಮನ್'). ಅಂದ್ರೆ ಮೇವನ್ ಲೋಕಲ್ ಬಿಟ್ಟು ಪಕ್ಕದ ಮಾಡ್ಯೂಲನ್ನೇ ನೇರ ತಗೋ ಅಂತ. ಈಗ ಯಾವುದು ಮೊದಲು ಕಂಪೈಲ್ ಆಗಬೇಕು ಅನ್ನೋದು ಗ್ರೇಡಲ್‌ಗೇ ಗೊತ್ತು. ಕಾಮನ್ ಬದಲಾಗದಿದ್ದರೆ ‘ಅಪ್-ಟು-ಡೇಟ್’ ಅಂತ ಹೇಳಿ ಮುಂದೆ ಹೋಗುತ್ತೆ. ಯಾವುದಕ್ಕೆ ಯಾವುದು ಬೇಕು ಅಂತ ತೋರಿಸುವ ಡಿಪೆಂಡೆನ್ಸೀಸ್ ಟಾಸ್ಕ್ ಓಡಿಸಿದರೆ ವರ್ಷನ್ ಇದ್ದ ಜಾಗದಲ್ಲಿ ‘ಪ್ರಾಜೆಕ್ಟ್ :ಕಾಮನ್’ ಅಂತ ಬಂತು. ಅವಳ ಬಗ್ಗೂ ಹೋಯ್ತು.

ಆದರೆ ರಿಪೋರ್ಟ್ಸ್ ಮಾಡ್ಯೂಲ್ ಕಂಪೈಲ್ ಆಗಲಿಲ್ಲ. ಹಳೆ ಸಾಲಿನಲ್ಲಿ ಇದ್ದದ್ದು ‘ಎಪಿಐ’. ಹಾಗಾಗಿ ಕಾಮನ್‌ನ ಕ್ಲಾಸುಗಳು ಬಿಲ್ಲಿಂಗ್ ಮೂಲಕ ರಿಪೋರ್ಟ್ಸ್‌ಗೂ ಸಿಗುತ್ತಿದ್ದವು. ಇಂಪ್ಲಿಮೆಂಟೇಷನ್ ಅಂದ್ರೆ ಆ ಬಾಗಿಲು ಬಂದ್. "ವಾಪಸ್ ಎಪಿಐ ಹಾಕ್ಬಿಡಿ, ಐದು ನಿಮಿಷದ ಕೆಲಸ" ಅಂದ ಪಕ್ಕದ ಸೀಟಿನವನು. ನಾನು ಒಪ್ಪಲಿಲ್ಲ. ಬಿಲ್ಲಿಂಗ್‌ನ ಪಬ್ಲಿಕ್ ಮೆಥಡ್‌ಗಳಲ್ಲಿ ಕಾಮನ್‌ನ ಒಂದು ಟೈಪೂ ಇಲ್ಲ, ಮತ್ಯಾಕೆ ಎಪಿಐ? ರಿಪೋರ್ಟ್ಸ್‌ಗೆ ಕಾಮನ್ ಬೇಕಿದ್ರೆ ತನ್ನ ಫೈಲಲ್ಲೇ ಬರ್ಕೊಳ್ಳಲಿ, ಅಲ್ವಾ? ಹಾಗೇ ಮಾಡಿದೆವು.

ಲಾಗಿನ್ ಲೈಬ್ರರಿ ಮಾತ್ರ ಬೇರೆ ರೆಪೊದಲ್ಲಿದೆ. ಅದಕ್ಕೆ ಪ್ರಾಜೆಕ್ಟ್ ಸಾಲು ನಡೆಯಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಕ್ಲೂಡ್‌ಬಿಲ್ಡ್’ ಅಂತ ಆ ಫೋಲ್ಡರಿನ ದಾರಿ ಕೊಟ್ಟರೆ ಸಾಕು, ಗ್ರೇಡಲ್ ಜಾರ್ ಬಿಟ್ಟು ನೇರ ಸೋರ್ಸ್‌ನಿಂದಲೇ ಬಿಲ್ಡ್ ಮಾಡುತ್ತೆ. 2016ರಿಂದ ಇರುವ ಸೌಲಭ್ಯ ಇದು. ಒಂದೇ ಷರತ್ತು: ಗ್ರೂಪ್, ಹೆಸರು ಎರಡೂ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಸುಮ್ನೆ ರೆಪೊಸಿಟರಿಯ ಜಾರನ್ನೇ ಎತ್ತಿಕೊಳ್ಳುತ್ತೆ.

ಸಂಜೆ ರೂಟ್ ಫೈಲಿಂದ ಮೇವನ್ ಲೋಕಲ್ ಸಾಲನ್ನೇ ತೆಗೆದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಅನ್ನೋ ಕೋರಿಕೆ) ಹಾಕಿದೆವು. ಇನ್ನೂ ಯಾವ್ಯಾವ ಮಾಡ್ಯೂಲ್ ಅದನ್ನೇ ನಂಬಿಕೊಂಡಿತ್ತು ಅಂತ ನಾಳೆ ಸಿಐ ಹೇಳುತ್ತೆ.