ಅಡಿಕೆ ಸಾಗಿಸಲು ಹಳೆ ಪಿಕಪ್

ಬದಿಯಡ್ಕದ ನಮ್ಮ ತೋಟದಿಂದ ಅಡಿಕೆ, ತೆಂಗಿನಕಾಯಿ ಸಾಗಿಸಲು ಹಳೆ ಪಿಕಪ್ ಒಂದು ಬೇಕಿತ್ತು. ಮೊದಲು ನೋಡಿದ್ದು ಕಡಲ ಬದಿಯ ಗಾಡಿ. ಹೊಸ ಪೇಂಟ್, ಮಿರಿಮಿರಿ ಮಿಂಚುತ್ತಿತ್ತು. ಗಾಡಿಯ ಅಡಿಗೆ ನುಗ್ಗಿ ಚಾಸಿಗೆ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಸ್ಕ್ರೂಡ್ರೈವರ್‌ನಿಂದ ಕುಟ್ಟಿದೆ. ತುಕ್ಕು ಪದರ ಪದರವಾಗಿ ಹಪ್ಪಳದ ಚೂರಿನ ಹಾಗೆ ಮುಖದ ಮೇಲೆ ಉದುರಿತು. ಉಪ್ಪುಗಾಳಿ ಕಬ್ಬಿಣವನ್ನೇ ತಿಂದುಬಿಡುತ್ತದೆ, ಅಲ್ವಾ? ಬೇಡ ಅಂದೆ.

ಆಮೇಲೆ ಸಿಕ್ಕಿದ್ದು 9 ವರ್ಷದ ಬೊಲೆರೊ ಪಿಕಪ್, ನಮ್ಮ ಕಾಸರಗೋಡಿನ ಕೆಎಲ್ 14 ನಂಬರಿನದೇ. ಇಂಜಿನ್ ತಣ್ಣಗಿರುವಾಗಲೇ ಬೆಳಗ್ಗೆ ಹೋಗಿ ಸ್ಟಾರ್ಟ್ ಮಾಡಿಸಿದೆ. ಇಂಜಿನ್ ಆಯಿಲ್ ಸುಟ್ಟರೆ ಬರುವ ನೀಲಿ ಹೊಗೆ ಬರಲಿಲ್ಲ. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್ನೆಸ್, ಅಂದ್ರೆ ಗಾಡಿ ರಸ್ತೆಗೆ ಯೋಗ್ಯವೇ ಅನ್ನುವ ತಪಾಸಣೆ, ಮಾಡಿಸಬೇಕು. ಆ ಕಾಗದವೂ ಸರಿ ಇತ್ತು. 10 ಚೀಲ ಹೇರಿ ಏರಿನಲ್ಲಿ ಓಡಿಸಿದೆ, ಕ್ಲಚ್ ಜಾರಲಿಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಒಂದು ಬದಲಾಯಿಸಿದ್ದು ಬಿಟ್ಟರೆ ಜಾಸ್ತಿ ಖರ್ಚಾಗಲಿಲ್ಲ.